ಸೆಕೆಂಡಿಗೆ 1260 ಬಿಟ್ ಲೈನಲ್ಲಿ ಬಾಹ್ಯಾಕಾಶ ಯುದ್ಧ: ಪ್ಲೇಟೋದ ‘ಎಂಪೈರ್’ ಆಟ ಅಷ್ಟು ಸಲೀಸಾಗಿ ಹೇಗೆ ನಡೀತಿತ್ತು?

ರಾತ್ರಿಪಾಳಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಕಂಪ್ಯೂಟರ್ ಆಟಗಳ ಬಗ್ಗೆ ಸಿಕ್ಕಿದ್ದೆಲ್ಲ ಓದೋ ಅಭ್ಯಾಸ ನನ್ನದು. ಸದ್ಯಕ್ಕೆ ತಲೇಲಿ ಕೂತಿರೋದು ‘ಎಂಪೈರ್’. ಗೊತ್ತಿಲ್ಲದವರಿಗೆ ಎರಡು ಮಾತು ಹೇಳ್ತೀನಿ. ಅಮೆರಿಕದ ಅರ್ಬಾನಾದಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಪ್ಲೇಟೋ ಅಂತ ಒಂದು ವ್ಯವಸ್ಥೆ ಇತ್ತು. ಪಾಠ ಹೇಳಿಕೊಡೋಕೆ ಅಂತಲೇ ಕಟ್ಟಿದ್ದು. ಮಧ್ಯದಲ್ಲಿ ಒಂದೇ ದೊಡ್ಡ ಕಂಪ್ಯೂಟರು, ಅದಕ್ಕೆ ಬೇರೆ ಬೇರೆ ಊರುಗಳಿಂದ ನೂರಾರು ಟರ್ಮಿನಲ್, ಅಂದ್ರೆ ಸ್ಕ್ರೀನು, ಕೀಬೋರ್ಡು ಇರೋ ಪೆಟ್ಟಿಗೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಜಾನ್ ಡಾಲೆಸ್ಕಿ 1973ರಲ್ಲಿ ಅದರ ಮೇಲೆ ಬರೆದ ಆಟ ಎಂಪೈರ್. ತಂಡ ಸೇರ್ಕೋಬೇಕು, ಹಡಗು ಓಡಿಸ್ಬೇಕು, ಎದುರಾಳಿಗೆ ಟಾರ್ಪಿಡೋ ಹೊಡೀಬೇಕು, ಗ್ರಹಗಳನ್ನ ವಶ ಮಾಡ್ಕೋಬೇಕು. ಫೆಡರೇಶನ್, ರೊಮ್ಯುಲನ್, ಓರಿಯನ್ ಅಂತ ತಂಡಗಳ ಹೆಸರು.

ಈಗ ನನ್ನ ಪ್ರಶ್ನೆ. ಆ ಟರ್ಮಿನಲ್‌ಗೆ ಬರ್ತಿದ್ದ ಲೈನಿನ ವೇಗ ಸೆಕೆಂಡಿಗೆ 1260 ಬಿಟ್. ಕೇಬಿಯೂ ಅಲ್ಲ ಎಂಬಿಯೂ ಅಲ್ಲ, ಬರೀ ಬಿಟ್. ನಮ್ಮನೇಲಿ 200 ಎಂಬಿಪಿಎಸ್ ಫೈಬರ್ ಇದೆ, ಆದ್ರೂ ಸಂಜೆ ಏಳು ದಾಟಿದ್ರೆ ಆಟ ಲ್ಯಾಗ್ ಆಗತ್ತೆ, ನಾನು ಗುಂಡು ಹೊಡೆಯೋಷ್ಟರಲ್ಲಿ ಎದುರಿಗಿದ್ದವನು ಗೋಡೆ ಹಿಂದೆ ಹೋಗಿರ್ತಾನೆ. ಐವತ್ತು ವರ್ಷದ ಹಿಂದೆ ಅಷ್ಟು ಜನ ಒಂದೇ ಯುದ್ಧ ಆಡಿದ್ದು ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ.

ಬಿಟ್‌ಭಟ್ಟ

ನೀವು ಲೈನಿನ ವೇಗ ನೋಡ್ತಿದ್ದೀರ. ಆಟ ಎಲ್ಲಿ ನಡೀತಿತ್ತು ಅಂತ ನೋಡಿ, ಉತ್ತರ ಅಲ್ಲೇ ಇದೆ.

ಪ್ಲೇಟೋ ಟರ್ಮಿನಲ್ಲಲ್ಲಿ ಆಟದ ಒಂದು ಸಾಲು ಪ್ರೋಗ್ರಾಂ ಕೂಡ ಇರ್ತಿರ್ಲಿಲ್ಲ. ನೀವು ಒತ್ತಿದ ಒಂದೊಂದು ಕೀಯೂ ಸೀದಾ ಅರ್ಬಾನಾದಲ್ಲಿದ್ದ ಆ ದೊಡ್ಡ ಕಂಪ್ಯೂಟರಿಗೆ, ಸಿಡಿಸಿ ಕಂಪನಿಯ ಸೈಬರ್ ಮೇನ್‌ಫ್ರೇಮ್‌ಗೆ, ಹೋಗ್ತಿತ್ತು, ಸ್ಕ್ರೀನ್ ಮೇಲೆ ಏನು ಬಿಡಿಸ್ಬೇಕು ಅನ್ನೋದು ಅಲ್ಲಿಂದ ವಾಪಸ್ ಬರ್ತಿತ್ತು. ಎಲ್ಲ ಆಟಗಾರರ ಹಡಗುಗಳ ಜಾಗ, ದಿಕ್ಕು, ಉಳಿದಿರೋ ಶಕ್ತಿ, ಹಾರ್ತಿರೋ ಟಾರ್ಪಿಡೋ, ಯಾವ ಗ್ರಹ ಯಾರ ಕೈಲಿದೆ, ಎಲ್ಲ ಒಂದೇ ಮಷೀನಿನ ಒಂದೇ ಮೆಮೊರೀಲಿ. ಹಳ್ಳೀಲಿ ಒಂದೇ ಪಗಡೆ ಹಾಸಿನ ಸುತ್ತ ಎಲ್ರೂ ಕೂತು ಆಡೋ ಹಾಗೆ. ಕಾಯಿ ಎಲ್ಲಿದೆ ಅಂತ ಜಗಳ ಬರೋಕೆ ಸಾಧ್ಯಾನೇ ಇಲ್ಲ. ಈಗ ಪ್ರತಿಯೊಬ್ಬರ ಮನೇಲೂ ಒಂದೊಂದು ಹಾಸು, ಫೋನಲ್ಲಿ ‘ನಾನು ಈ ಮನೆಗೆ ಬಂದೆ’ ಅಂತ ಕೂಗಿ ಹೇಳ್ಕೊಂಡು ಆಡ್ತಿದ್ದೀವಿ. ನಿಮ್ಮ ಲ್ಯಾಗ್‌ನ ಬಹುಪಾಲು ಈ ಹಾಸುಗಳನ್ನ ಒಂದಕ್ಕೊಂದು ಹೊಂದಿಸೋ ಪರದಾಟ.

ಆಟ ಬರೀತಿದ್ದ ಭಾಷೆ ಟ್ಯೂಟರ್, ಪಾಲ್ ಟೆಂಕ್ಜರ್ ಮಾಡಿದ್ದು. ಅದ್ರಲ್ಲಿ ಪ್ರತಿ ಬಳಕೆದಾರನಿಗೆ ಸ್ವಂತಕ್ಕೆ 150 ವೇರಿಯಬಲ್ (ಅಂಕಿ ಇಟ್ಕೊಳ್ಳೋ ಖಾನೆ), ತಲಾ 60 ಬಿಟ್. ಅದರ ಜೊತೆ ‘ಕಾಮನ್’ ಅಂತ ಇನ್ನೊಂದು ಸೌಲಭ್ಯ. ಒಂದೇ ಪಾಠದೊಳಗಿರೋ (ಪ್ಲೇಟೋ ಲೆಕ್ಕದಲ್ಲಿ ಆಟವೂ ಒಂದು ಪಾಠವೇ) ಎಲ್ಲ ವಿದ್ಯಾರ್ಥಿಗಳೂ ಓದಿ ಬರೀಬಹುದಾದ ಹಂಚಿಕೆ ಮೆಮೊರಿ ಅದು. ಎಂಪೈರ್ ನಿಂತಿದ್ದೇ ಅದರ ಮೇಲೆ.

ಹುಬ್ಬಳ್ಳಿಮಂದಿ

ಭಟ್ರ, ಮೆಮೊರಿ ಒಂದೇ ಇತ್ತು, ಒಪ್ಪಿದೆ. ಆದ್ರ ಚಿತ್ರ ಹೆಂಗ ಬರ್ತಿತ್ತು ಹೇಳ್ರಿ? 1260 ಬಿಟ್‌ನ್ಯಾಗ ಒಂದು ಫೋಟೋ ಕಳಿಸ್ಲಿಕ್ಕೆ ಮಧ್ಯಾಹ್ನ ಆಗ್ತದ.

ಬಿಟ್‌ಭಟ್ಟ

@ಹುಬ್ಬಳ್ಳಿಮಂದಿ ಸರಿಯಾದ ಪ್ರಶ್ನೆ. ಎರಡು ಕಾರಣ ಇದೆ.

ಒಂದು, ಆ ಸ್ಕ್ರೀನು. 512 ಅಡ್ಡ 512 ಚುಕ್ಕಿಗಳ ಪ್ಲಾಸ್ಮಾ ಫಲಕ, ಕಿತ್ತಳೆ ಬಣ್ಣ. ಒಂದು ಚುಕ್ಕಿ ಹೊತ್ತಿಸಿದ್ರೆ ನೀವಾಗಿ ಆರಿಸೋ ತನಕ ಅದು ಉರೀತಾನೇ ಇರತ್ತೆ. ನಮ್ಮ ಮಾನಿಟರ್ ತರ ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸೋದು ಬೇಡ, ಚಿತ್ರ ಇಟ್ಕೊಳ್ಳೋಕೆ ಬೇರೆ ಮೆಮೊರಿ ಚಿಪ್ಪೂ ಬೇಡ. ಬದಲಾಗಿದ್ದನ್ನ ಮಾತ್ರ ಕಳಿಸಿದ್ರೆ ಸಾಕು. ಹಡಗು ಸರೀಬೇಕಾ? ಹಳೇ ಜಾಗದಲ್ಲಿ ಅದೇ ಆಕೃತೀನ ಅಳಿಸೋ ವಿಧಾನದಲ್ಲಿ ಬರೆದು, ಹೊಸ ಜಾಗದಲ್ಲಿ ಮತ್ತೆ ಬರೆದ್ರೆ ಆಯ್ತು.

ಎರಡು, ಆ ಹಡಗು ಚಿತ್ರ ಅಲ್ಲ, ಅಕ್ಷರ. ಟರ್ಮಿನಲ್ಲಲ್ಲಿ ನಮಗೆ ಬೇಕಾದ ಆಕಾರದ 126 ಅಕ್ಷರ ತುಂಬಿಸ್ಕೋಬಹುದಿತ್ತು, ಒಂದೊಂದೂ 8 ಅಡ್ಡ 16 ಚುಕ್ಕಿ. ಲೈನಲ್ಲಿ ಸೆಕೆಂಡಿಗೆ 21 ಬಿಟ್ಟಿನ 60 ತುಂಡು ಬರ್ತಿತ್ತು, 21 ಗುಣಿಸು 60 ಅಂದ್ರೆ ಅದೇ 1260. ಒಂದು ತುಂಡಿಗೆ ಮೂರು ಅಕ್ಷರ, ಅಂದ್ರೆ ಸೆಕೆಂಡಿಗೆ 180 ಅಕ್ಷರ. ಹಡಗನ್ನ ಅಕ್ಷರ ಮಾಡಿಟ್ಕೊಂಡ್ರೆ ಒಂದೆರಡು ತುಂಡಲ್ಲಿ ಹಡಗು ಬಂತು.

ಆಟದ ಶುರುವಿನಲ್ಲಿ ಆ ಅಕ್ಷರಗಳನ್ನ ತುಂಬಿಸ್ಕೊಳ್ಳೋವಾಗ ಮಾತ್ರ ಕಾಯ್ಬೇಕು. ಒಂದು ಅಕ್ಷರಕ್ಕೆ 8 ತುಂಡು, 126ಕ್ಕೆ 1008 ತುಂಡು, 60ರಿಂದ ಭಾಗಿಸಿ. ಪೂರ್ತಿ ತುಂಬಿಸಿದ್ರೆ ಸುಮಾರು 17 ಸೆಕೆಂಡ್.

ಪಿಂಗ್ ಪ್ರಸಂಗ

ವಾವ್. ಹದಿನೇಳು ಸೆಕೆಂಡ್ ಲೋಡಿಂಗ್! ನಾನೀಗ ಆಡೋ ಆಟದ ಅಪ್‌ಡೇಟೇ 40 ಜಿಬಿ.

ಕುಡ್ಲದವ

ಪ್ಲಾಸ್ಮಾ ಅಂದ್ರೆ ಆ ದಪ್ಪದ ಪ್ಲಾಸ್ಮಾ ಟಿವಿ ಇತ್ತಲ್ಲಾ, ಅದೇನಾ ಮಾರಾಯ್ರೆ? ಅದು ಬಂದದ್ದು ಮೊನ್ನೆ ಮೊನ್ನೆ ಅಲ್ವಾ?

ಬಿಟ್‌ಭಟ್ಟ

@ಕುಡ್ಲದವ ಅದೇ. ಅದು ಹುಟ್ಟಿದ್ದೇ ಪ್ಲೇಟೋಗೋಸ್ಕರ. 1964ರಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ, ಅವರ ಜೊತೆ ಆಗ ವಿದ್ಯಾರ್ಥಿಯಾಗಿದ್ದ ರಾಬರ್ಟ್ ವಿಲ್ಸನ್, ಮೂರೂ ಜನ ಸೇರಿ ಕಂಡುಹಿಡಿದಿದ್ದು. ಟಿವಿಗೆ ಅಂತ ಅಲ್ಲ, ಪಾಠದ ಟರ್ಮಿನಲ್‌ಗೆ ಅಗ್ಗದ ಸ್ಕ್ರೀನ್ ಬೇಕಿತ್ತು, ಆಗ ಮೆಮೊರಿ ಅನ್ನೋದು ಚಿನ್ನದ ಬೆಲೆ. 2002ರಲ್ಲಿ ಮೂವರಿಗೂ ತಂತ್ರಜ್ಞಾನದ ಎಮ್ಮಿ ಪ್ರಶಸ್ತಿ ಕೊಟ್ರು. ಬಿಟ್ಜರ್ ತೀರಿಕೊಂಡಿದ್ದು 2024ರ ಡಿಸೆಂಬರಲ್ಲಿ. ನಮ್ಮ ಯಾವ ಪತ್ರಿಕೇಲೂ ನಾಲ್ಕು ಸಾಲು ನನ್ನ ಕಣ್ಣಿಗೆ ಬೀಳ್ಲಿಲ್ಲ, ಅದು ನಂಗೆ ಇವತ್ತಿಗೂ ಬೇಜಾರು.

ಕಿತ್ತಳೆಸ್ಕ್ರೀನ್

ಈ ಚರ್ಚೆ ಇಲ್ಲಿ ನಡೀತಿರೋದು ನೋಡಿ ತುಂಬಾ ಖುಷಿಯಾಯ್ತು. ನಾನು ಎಂಬತ್ತರ ದಶಕದಲ್ಲಿ ಅರ್ಬಾನಾದಲ್ಲಿ ಓದಿದವನು, ಮೂಲ ಶಿವಮೊಗ್ಗ ಕಡೆ. ಕೆಮಿಸ್ಟ್ರಿ ವಿಭಾಗದಲ್ಲಿ ಟಿಎ (ಪಾಠಕ್ಕೆ ಸಹಾಯಕ) ಕೆಲಸ. ಅಲ್ಲಿ ಪ್ರೊಫೆಸರ್ ಸ್ಟಾನ್ಲಿ ಸ್ಮಿತ್ ಬರೆದ ರಸಾಯನಶಾಸ್ತ್ರದ ಪಾಠಗಳು ಪ್ಲೇಟೋ ಮೇಲೆ ಬಹಳ ಹೆಸರು ಮಾಡಿದ್ವು. ಹುಡುಗರು ಲ್ಯಾಬಿಗೆ ಹೋಗೋ ಮುಂಚೆ ಬಟ್ಟಿ ಇಳಿಸೋ ಪ್ರಯೋಗಾನ ಸ್ಕ್ರೀನ್ ಮೇಲೇ ಮಾಡಿ ಕಲೀತಿದ್ರು. ಅದೇ ಟರ್ಮಿನಲ್ ರಾತ್ರಿ ಯುದ್ಧಭೂಮಿ.

ಒಂದು ವಿಷಯ ಯಾರೂ ಹೇಳ್ಲಿಲ್ಲ. ಎಂಪೈರಲ್ಲಿ ಗುರಿ ಇಡೋದು ಮೌಸಲ್ಲಲ್ಲ, ಅಂಕಿಯಲ್ಲಿ. ಬಲಕ್ಕೆ ಸೊನ್ನೆ ಡಿಗ್ರಿ, ಮೇಲಕ್ಕೆ 90, ಎಡಕ್ಕೆ 180, ಕೆಳಕ್ಕೆ 270. ಎದುರಾಳಿ ಹಡಗು ಬಲಗಡೆ ಸ್ವಲ್ಪ ಮೇಲಿದೆ ಅಂದ್ರೆ ಕಣ್ಣಲ್ಲೇ ಅಳೆದು 25ಓ 30ಓ ಅಂತ ಟೈಪ್ ಮಾಡಿ ನೆಕ್ಸ್ಟ್ ಕೀ ಒತ್ಬೇಕು. ಅದೂ ಅವನು ಈಗ ಎಲ್ಲಿದ್ದಾನೆ ಅಂತ ಅಲ್ಲ, ಟಾರ್ಪಿಡೋ ತಲುಪೋವಾಗ ಎಲ್ಲಿರ್ತಾನೆ ಅಂತ ನೋಡಿ. ಪಳಗಿದವರು ಮೂರು ಟಾರ್ಪಿಡೋನ ಸ್ವಲ್ಪ ಸ್ವಲ್ಪ ಬೇರೆ ಕೋನದಲ್ಲಿ ಬೀಸಣಿಗೆ ತರ ಬಿಡೋರು, ಯಾವ ಕಡೆ ತಿರುಗಿದ್ರೂ ಒಂದಾದ್ರೂ ತಗಲ್ಲಿ ಅಂತ. ನನ್ನ ಪಕ್ಕದ ಸೀಟಲ್ಲಿ ಕೂರ್ತಿದ್ದ ಒಬ್ಬ ಸ್ಕ್ರೀನ್ ಬಿಟ್ಟು ಕಣ್ಣು ತೆಗೀತಿರ್ಲಿಲ್ಲ, ಎಡಗೈ ಬೆರಳಲ್ಲೇ ಅಂಕಿ ಹೊಡೀತಿದ್ದ. ತ್ರಿಕೋನಮಿತಿ ಗೊತ್ತಿದ್ದ ನಾನು ಅವನ ಮುಂದೆ ಒಂದು ಸಲವೂ ನಿಲ್ಲಲಿಲ್ಲ.

ಇನ್ನೊಂದು, ಸ್ಕ್ರೀನ್ ತಾನಾಗಿ ಓಡ್ತಾ ಇರ್ಲಿಲ್ಲ. ನೀವು ಕೀ ಒತ್ತಿದ್ರೆ ಹೊಸ ಸ್ಥಿತಿ ಬಿಡಿಸ್ತಿತ್ತು. ಹಾಗಾಗಿ ರೂಮಲ್ಲಿ ಸದಾ ಟಕಟಕ ಶಬ್ದ.

ರಾತ್ರಿಪಾಳಿ

@ಕಿತ್ತಳೆಸ್ಕ್ರೀನ್ ಸರ್, ನೀವು ಇದನ್ನ ಕಣ್ಣಾರೆ ನೋಡಿದವರು! ದಯವಿಟ್ಟು ಇನ್ನೂ ಬರೀರಿ. ಬೇರೆ ಬೇರೆ ಊರಿನವರು ಒಟ್ಟಿಗೆ ಆಡ್ತಿದ್ರಾ, ಅಥವಾ ಒಂದೇ ರೂಮಿನವರಾ?

ಕಿತ್ತಳೆಸ್ಕ್ರೀನ್

ಎರಡೂ. ಪಕ್ಕದವನು ಎದುರಾಳಿ ಆಗಿರ್ಬಹುದು, ನಿಮ್ಮ ತಂಡದವನು ಇಂಡಿಯಾನಾದಲ್ಲೋ ಅಯೋವಾದಲ್ಲೋ ಇರ್ಬಹುದು. ಮುಖ ನೋಡದವರ ಜೊತೆ ತಿಂಗಳುಗಟ್ಟಲೆ ಒಂದೇ ಪಾಳಯದಲ್ಲಿ ಕಾದಾಡಿದವರಿದ್ರು. ಆಟದೊಳಗೇ ತಂಡಕ್ಕೆ ಸಂದೇಶ ಕಳಿಸಬಹುದಿತ್ತು. ಆಟ ಬಿಟ್ಟು ಮಾತಾಡ್ಬೇಕು ಅಂದ್ರೆ ಟರ್ಮ್ ಕೀ ಒತ್ತಿ ‘ಟಾಕ್’ ಅಂತ ಹೊಡೆದ್ರೆ ಆಯ್ತು, ಸ್ಕ್ರೀನಿನ ತಳದಲ್ಲಿ ಅವರು ಒಂದೊಂದು ಅಕ್ಷರ ಹೊಡೆಯೋದೂ ನಮಗೆ ಕಾಣಿಸ್ತಿತ್ತು. ಬೇಕಿದ್ರೆ ನಮ್ಮ ಸ್ಕ್ರೀನನ್ನ ಅವರಿಗೆ ತೋರಿಸಲೂಬಹುದಿತ್ತು. ಹೊಸಬರಿಗೆ ಆಟ ಕಲಿಸ್ತಿದ್ದಿದ್ದು ಹಾಗೇ.

ಮಂಡ್ಯ ಮೇಷ್ಟ್ರು

ಎಲ್ಲರೂ ಹೊಗಳ್ತಿದ್ದೀರಿ, ನಾನೊಂದು ಬೇರೆ ಮಾತು ಹೇಳ್ತೀನಿ. ಆ ಪ್ಲೇಟೋಗೆ ದುಡ್ಡು ಬಂದಿದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ. ಅಂದ್ರೆ ಜನರ ತೆರಿಗೆ. ಮಕ್ಕಳಿಗೆ ಪಾಠ ಕಲಿಸೋಕೆ ಕೊಟ್ಟ ಮಷೀನಲ್ಲಿ ರಾತ್ರಿಯೆಲ್ಲ ಗುಂಡು ಹಾರಿಸ್ಕೊಂಡು ಕೂತ್ರೆ ಅದು ಸಾಧನೆ ಹೇಗಾಗತ್ತೆ? ನಾನು ಮೂವತ್ತು ವರ್ಷ ಪಾಠ ಮಾಡಿದವನು. ನಮ್ಮಲ್ಲಿ ಲ್ಯಾಬಿಗೆ ಕಂಪ್ಯೂಟರ್ ಬಂದಾಗ ಒಂದು ಮಷೀನಿಗೆ ನಾಲ್ಕು ಮಕ್ಕಳು. ಅದರಲ್ಲಿ ಒಬ್ಬ ಆಟ ಹಾಕ್ಕೊಂಡು ಕೂತ್ರೆ ಉಳಿದ ಮೂವರ ಗತಿ?

ಪಿಂಗ್ ಪ್ರಸಂಗ

ಮೇಷ್ಟ್ರೇ, ರಾತ್ರಿ ಹೊತ್ತು ಖಾಲಿ ಬಿದ್ದಿರೋ ಟರ್ಮಿನಲ್ ತಾನೆ. ಯಾರ ಪಾಠ ಕೆಡ್ತು?

ಮಂಡ್ಯ ಮೇಷ್ಟ್ರು

ಖಾಲಿ ಇದ್ದಾಗ ಮಾತ್ರ ಆಡ್ತಿದ್ರು ಅನ್ನೋದಕ್ಕೆ ಏನು ಖಾತ್ರಿ? ಹುಡುಗರ ಸ್ವಭಾವ ನಂಗೆ ಚೆನ್ನಾಗಿ ಗೊತ್ತು.

ಬಿಟ್‌ಭಟ್ಟ

@ಮಂಡ್ಯ ಮೇಷ್ಟ್ರು ನಿಮ್ಮ ಆತಂಕ ಅಲ್ಲಿನವರಿಗೂ ಇತ್ತು ಸಾರ್, ಅದಕ್ಕೇ ‘ಎನ್‌ಫೋರ್ಸರ್’ ಅಂತ ಒಂದು ಪ್ರೋಗ್ರಾಂ ಹಿನ್ನೆಲೇಲಿ ಓಡ್ತಾ ಇರ್ತಿತ್ತು. ಪಾಠದ ಹೊತ್ತಲ್ಲಿ, ಆಟಕ್ಕೆ ಅನುಮತಿ ಇಲ್ಲದ ಕಡೆ, ಆಟ ಬಂದ್ ಮಾಡೋದೇ ಅದರ ಕೆಲಸ.

ಆದ್ರೆ ನಿಮ್ಮ ಮೂಲ ಮಾತನ್ನ ನಾನು ಒಪ್ಪಲ್ಲ. ಡಾಲೆಸ್ಕಿ ಮೊದಲ ಎಂಪೈರ್ ಬರೆದಿದ್ದೇ ಶಿಕ್ಷಣ ವಿಷಯದ ಒಂದು ತರಗತಿಯ ಪ್ರಾಜೆಕ್ಟ್ ಆಗಿ. ಅದರಲ್ಲಿ ಇಷ್ಟು ಗುಂಡಿನ ಕಾಳಗ ಇರ್ಲಿಲ್ಲ. ಎಂಟು ಜನ, ತಮ್ಮ ತಮ್ಮ ಗ್ರಹದ ಆರ್ಥಿಕತೆ ಬೆಳೆಸೋದು, ನಿಧಾನಕ್ಕೆ ಯೋಚಿಸಿ ಆಡೋ ಆಟ. ಅದೇ ವರ್ಷ ಎರಡನೇ ಆವೃತ್ತೀಲಿ ಆ ಲೆಕ್ಕಾಚಾರ ತೆಗೆದು ನೇರ ಕಾದಾಟ ಇಟ್ಟ. ಮೊದಲನೇದು ‘ಕಾಂಕ್ವೆಸ್ಟ್’ ಅನ್ನೋ ಹೆಸರಲ್ಲಿ ಸೈಲಸ್ ವಾರ್ನರ್ ಕೈಲಿ ಮುಂದುವರೀತು. ಅದೇ ವಾರ್ನರ್ 1981ರಲ್ಲಿ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಬರೆದ. ಆ ರಾತ್ರಿಗಳು ವ್ಯರ್ಥ ಆಗ್ಲಿಲ್ಲ ಅನ್ನೋದು ನನ್ನ ನಂಬಿಕೆ.

ಮಂಡ್ಯ ಮೇಷ್ಟ್ರು

ಇಬ್ಬರು ಮೂವರು ಹೆಸರು ಮಾಡಿದ್ರು ಅಂತ ಎಲ್ಲರ ರಾತ್ರಿಗೂ ಲೆಕ್ಕ ಕೊಡೋಕಾಗಲ್ಲ. ಆದ್ರೂ ಆ ತರಗತಿ ಪ್ರಾಜೆಕ್ಟಿನ ವಿಷಯ ಚೆನ್ನಾಗಿದೆ. ಇಂಥ ಪ್ರಾಜೆಕ್ಟ್ ಒಪ್ಪಿಕೊಂಡ ಆ ಮೇಷ್ಟ್ರ ಬಗ್ಗೆ ಗೌರವ ಬಂತು.

ಕುಡ್ಲದವ

ನಾನು ಇದನ್ನ ಆಡಿದ್ದೇನೆ! ಎಂಟು ಅಡ್ಡ ಎಂಟು ಚೌಕ, ನಕ್ಷತ್ರಕ್ಕೆ * ಗುರುತು, ಶತ್ರು ಹಡಗಿಗೆ ಪ್ಲಸ್ ಕೆ ಪ್ಲಸ್. ಬೇಸಿಕ್ ಭಾಷೆಯ ಪ್ರೋಗ್ರಾಂ ಟೈಪ್ ಮಾಡಿ ಆಡುವುದು.

ಹಳೇಸನ್

@ಕುಡ್ಲದವ ಅದು ಬೇರೆ. ನೀವು ಹೇಳ್ತಿರೋದು ಮೈಕ್ ಮೇಫೀಲ್ಡ್ 1971ರಲ್ಲಿ ಬರೆದ ‘ಸ್ಟಾರ್ ಟ್ರೆಕ್’. ಒಬ್ಬನೇ ಆಡೋ ಆಟ, ಕಂಪ್ಯೂಟರೇ ಎದುರಾಳಿ, ನೀವು ಅಪ್ಪಣೆ ಕೊಡೋ ತನಕ ಶತ್ರು ಕಾಯ್ತಾ ಕೂತಿರ್ತಾನೆ. ಎಂಪೈರಲ್ಲಿ ಯಾರೂ ಕಾಯಲ್ಲ.

ಹುಬ್ಬಳ್ಳಿಮಂದಿ

ಹಂಗಾದ್ರ ಮೊದಲನೇ ಬಾಹ್ಯಾಕಾಶ ಆಟ ಯಾವ್ದು? ‘ಸ್ಪೇಸ್‌ವಾರ್’ 1962ರಾಗ ಎಂಐಟಿಯೊಳಗ ಬಂದಿತ್ತಲ್ರಿ. ಸ್ಟೀವ್ ರಸೆಲ್ ಮತ್ತ ಅವನ ಗೆಳೆಯರು. ಅದಕ್ಕ ಮರ್ಯಾದಿ ಕೊಡ್ದ ಎಂಪೈರ್‌ನ್ನ ತಲಿಮ್ಯಾಲೆ ಹೊತ್ತು ಕುಣ್ಯಾಕ ಹತ್ತೀರಿ.

ಹಳೇಸನ್

ಸ್ಪೇಸ್‌ವಾರ್ ಮೊದಲು ಬಂತು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅದು ಪಿಡಿಪಿ-1 ಕಂಪ್ಯೂಟರ್ ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಸ್ಕ್ರೀನ್ ನೋಡ್ಕೊಂಡು ಆಡಿದ್ದು. ಎಂಪೈರಲ್ಲಿ ಪ್ರತಿಯೊಬ್ಬನಿಗೂ ಅವನದೇ ಸ್ಕ್ರೀನ್, ಅವನ ಹಡಗಿನ ಸುತ್ತಮುತ್ತಲಷ್ಟೇ ನೋಟ, ಎದುರಾಳಿಗೆ ಕಾಣದ ಹಾಗೆ ಯೋಜನೆ ಹಾಕೋ ಅವಕಾಶ, ಮೇಲೆ ತಂಡ. ಆಟದ ಜಾತೀನೇ ಬೇರೆ.

ಪಿಂಗ್ ಪ್ರಸಂಗ

ಹಾಗಾದ್ರೆ ‘ಸ್ಪಾಸಿಮ್’? ಅದು ತ್ರೀಡಿ, 32 ಜನ. ಅದೇ ಮೊದಲನೇದು ಅಂತ ಒಂದು ವಿಡಿಯೋದಲ್ಲಿ ನೋಡ್ದೆ.

ಹಳೇಸನ್

ಸ್ಪಾಸಿಮ್ ಬಂದಿದ್ದು 1974ರ ಮಾರ್ಚಲ್ಲಿ, ಅದೂ ಪ್ಲೇಟೋ ಮೇಲೇ. ಬರೆದವನು ಜಿಮ್ ಬೌವರಿ, ಎಂಪೈರ್ ನೋಡಿದ ಮೇಲೆ. ನಾಲ್ಕು ಗ್ರಹಮಂಡಲ, ಒಂದೊಂದಕ್ಕೆ ಎಂಟೆಂಟು ಜನ. ಗೆರೆಗಳಲ್ಲಿ ಬಿಡಿಸಿದ ಹಡಗುಗಳನ್ನ ಪೈಲಟ್ ಕಣ್ಣಿಂದ ನೋಡೋದು. ತ್ರೀಡಿ ಹೆಗ್ಗಳಿಕೆ ಬೇಕಿದ್ರೆ ಅದಕ್ಕೆ ಕೊಡಿ. ಆದ್ರೆ ಅದೇ ಸುಮಾರಿಗೆ ನಾಸಾದ ಏಮ್ಸ್ ಕೇಂದ್ರದಲ್ಲಿ ಇಮ್ಲಾಕ್ ಕಂಪ್ಯೂಟರುಗಳ ಮೇಲೆ ‘ಮೇಜ್ ವಾರ್’ ಕೂಡ ಶುರುವಾಗಿತ್ತು. ಯಾರು ಮೊದಲು ಅನ್ನೋ ಜಗಳ ಅಲ್ಲಿನವರೇ ಇನ್ನೂ ಮುಗಿಸಿಲ್ಲ.

ನನಗೆ ಮುಖ್ಯ ಅನ್ಸೋದು ಯಾವುದು ಉಳೀತು ಅನ್ನೋದು. ಸ್ಪಾಸಿಮ್ ಆಡಿದವರು ಕಡಿಮೆ. ಎಂಪೈರ್‌ನ ವರ್ಷಗಟ್ಟಲೆ ತಿದ್ದಿ ತಿದ್ದಿ ನಾಲ್ಕನೇ ಆವೃತ್ತಿ ತನಕ ತಂದ್ರು, ಆಮೇಲೂ ಆಡ್ತಾನೇ ಇದ್ರು.

ಹುಬ್ಬಳ್ಳಿಮಂದಿ

ಅದು ಖರೇ. ಆಡೋ ಮಂದಿ ಇದ್ರನ ಆಟ.

ಸುಮ್ನೆ ಓದೋಳು

ಇಷ್ಟು ದಿನ ಬರೀ ಓದ್ತಿದ್ದೆ, ಮೊದಲ ಸಲ ಬರೀತಿದ್ದೀನಿ. ಎಲ್ಲರೂ ಒಂದೇ ಮೆಮೊರಿಗೆ ಬರೀತಿದ್ರು ಅಂದ್ರೆ, ಇಬ್ಬರು ಒಂದೇ ಕ್ಷಣಕ್ಕೆ ಒಂದೇ ಗ್ರಹಕ್ಕೆ ಸೈನ್ಯ ಇಳಿಸಿದ್ರೆ ಏನಾಗ್ತಿತ್ತು? ನಾನು ಬ್ಯಾಂಕಿಂಗ್ ಸಾಫ್ಟ್‌ವೇರ್ ಟೆಸ್ಟಿಂಗಲ್ಲಿದ್ದೀನಿ, ದಿನಾ ಇದೇ ತಲೆನೋವು. ಇಬ್ಬರು ಒಂದೇ ಖಾತೆಯ ಬಾಕಿ ಓದಿ, ಇಬ್ಬರೂ ತಿದ್ದಿ ಬರೆದ್ರೆ ಒಬ್ಬರ ದುಡ್ಡು ಮಾಯ.

ಬಿಟ್‌ಭಟ್ಟ

@ಸುಮ್ನೆ ಓದೋಳು ಮೇಡಂ, ಈ ಚರ್ಚೆಯ ಅತ್ಯುತ್ತಮ ಪ್ರಶ್ನೆ ನಿಮ್ಮದು. ಮೇನ್‌ಫ್ರೇಮ್ ಒಬ್ಬೊಬ್ಬರ ಪ್ರೋಗ್ರಾಮಿಗೂ ಸರದಿ ಪ್ರಕಾರ ಒಂದೊಂದು ಚೂರು ಸಮಯ ಕೊಟ್ಟು ಓಡಿಸ್ತಿತ್ತು. ಒಬ್ಬ ಗ್ರಹದ ಸೈನ್ಯ ಐದು ಅಂತ ಓದಿದ, ಅವನ ಸರದಿ ಮುಗೀತು. ಇನ್ನೊಬ್ಬ ಐದು ಓದಿ ಬಾಂಬ್ ಹಾಕಿ ಎರಡು ಅಂತ ಬರೆದ. ಮೊದಲನೆಯವನು ಮತ್ತೆ ಬಂದು ಹಳೇ ಐದಕ್ಕೆ ಎರಡು ಸೇರಿಸಿ ಏಳು ಅಂತ ಬರೆದ. ಬಾಂಬ್ ಹಾಕಿದ್ದೇ ಸುಳ್ಳಾಯ್ತು! ಇದನ್ನ ತಡೆಯೋಕೆ ಟ್ಯೂಟರಲ್ಲಿ ‘ರಿಸರ್ವ್’ ಮತ್ತು ‘ರಿಲೀಸ್’ ಅಂತ ಎರಡು ಅಪ್ಪಣೆ ಇದ್ವು. ಕಾಮನ್‌ನ ಹಿಡ್ಕೋ, ಕೆಲಸ ಮುಗಿಸು, ಬಿಡು. ನೀವು ಇವತ್ತು ಡೇಟಾಬೇಸಲ್ಲಿ ಲಾಕ್ ಅಂತೀರಲ್ಲ, ಅದೇ. ಟರ್ಮಿನಲ್ ಮುಂದೆ ಕೂತಿದ್ದ ಇಪ್ಪತ್ತರ ಹುಡುಗರು ಆಟ ಸರಿಯಾಗಿ ನಡೀಲಿ ಅಂತ ಇದನ್ನೆಲ್ಲ ಅರೆದು ಕುಡಿದಿದ್ರು.

@ಮಂಡ್ಯ ಮೇಷ್ಟ್ರು ಪಾಠ ಅಂದ್ರೆ ಇದೂ ಅಲ್ವಾ ಸಾರ್?

ಮಂಡ್ಯ ಮೇಷ್ಟ್ರು

ಬರೆದವರಿಗೆ ಖಂಡಿತ ಪಾಠ. ಆಡಿದವರಿಗೆ ಅಲ್ಲ. ನನ್ನ ಮಾತು ಅಷ್ಟೇ.

ಹಳೇಸನ್

ಈಗ ಎಂಪೈರ್ ಮಾದರಿಯಲ್ಲೇ ಬಂದ ‘ನೆಟ್ರೆಕ್’ ಆಟದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ನಾನು ಓದು ಮುಗಿಸಿದ್ದೇ ಅದರ ಜೊತೆ. ಎಂಪೈರ್ ಪ್ಲೇಟೋದೊಳಗೇ ಉಳಿದಿದ್ರೆ ನಮ್ಮಂಥವರಿಗೆ ಸಿಗ್ತಾನೇ ಇರ್ಲಿಲ್ಲ. ಬರ್ಕ್ಲೀ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಗತ್ರಿ, ಎಡ್ ಜೇಮ್ಸ್ 1986ರಲ್ಲಿ ಎಕ್ಸ್ ವಿಂಡೋಗೆ (ಯುನಿಕ್ಸ್ ಕಂಪ್ಯೂಟರುಗಳ ಗ್ರಾಫಿಕ್ಸ್ ವ್ಯವಸ್ಥೆ) ‘ಎಕ್ಸ್‌ಟ್ರೆಕ್’ ಬರೆದ್ರು. ಅದೇ ಗ್ರಹ, ಅದೇ ಸೈನ್ಯ ಇಳಿಸೋದು, ಅದೇ ತಂಡಗಳು. 1988ರಲ್ಲಿ ಕೆವಿನ್ ಸ್ಮಿತ್, ಸ್ಕಾಟ್ ಸಿಲ್ವಿ ಅದನ್ನ ಸರ್ವರ್ ಒಂದು ಕಡೆ, ಆಟಗಾರನ ಮಷೀನಲ್ಲಿ ಓಡೋ ಪ್ರೋಗ್ರಾಂ, ಅಂದ್ರೆ ಕ್ಲೈಂಟ್, ಒಂದು ಕಡೆ ಅಂತ ಒಡೆದು ನೆಟ್ರೆಕ್ ಮಾಡಿದ್ರು. ಎಂಟು ಜನಕ್ಕೆ ಎಂಟು ಜನ, 40 ಗ್ರಹ.

ಅದರ ತಂತ್ರ ಎಷ್ಟು ಚೆನ್ನಾಗಿತ್ತು ಅಂದ್ರೆ ನೆನೆಸಿಕೊಂಡ್ರೆ ಈಗ್ಲೂ ಕೈ ತುರಿಸತ್ತೆ. ಸೈನ್ಯ ಹೊರೋಕೆ ಮೊದಲು ಒಂದು ಹಡಗು ಉರುಳಿಸಿರ್ಬೇಕು. ಒಂದು ಉರುಳಿಸಿದ್ರೆ ಎರಡು ಸೈನ್ಯ ಹೊರಬಹುದು. ಅಂದ್ರೆ ಯಾರು ಉರುಳಿಸಿದ್ರೋ ಅವರ ಮೇಲೆ ಇಡೀ ಎದುರು ತಂಡದ ಕಣ್ಣು. ಅವರ ಸುತ್ತ ನಾವು ಇಬ್ಬರು ಮೂವರು ಕಾವಲು ಹೋಗ್ತಿದ್ವಿ. ಸೈನ್ಯ ತುಂಬ್ಕೊಂಡವನು ಒಂದು ಕಡೆ, ತುಂಬ್ಕೊಂಡ ಹಾಗೆ ನಟಿಸೋನು ಇನ್ನೊಂದು ಕಡೆ. ನಟಿಸ್ತಿದ್ದವನ ಮೇಲೆ ಶತ್ರು ಮುಗಿಬಿದ್ರೆ ಅವನು ಸಂತೋಷವಾಗಿ ಸಾಯ್ತಿದ್ದ, ಅಷ್ಟರಲ್ಲಿ ಈ ಕಡೆ ಗ್ರಹ ನಮ್ಮದು.

ಕ್ಲೈಂಟ್ ಬಂದ ಮೇಲೆ ಒಂದು ಹೊಸ ರೋಗ ಬಂತು. ಆಟಗಾರನ ಮಷೀನಲ್ಲೇ ಪ್ರೋಗ್ರಾಂ ಇದ್ದಿದ್ರಿಂದ ಅದನ್ನ ತಿದ್ದಿ ತಾನೇ ಗುರಿ ಇಡೋ ಹಾಗೆ ಮಾಡ್ಕೊಂಡೋರು ಬಂದ್ರು. ‘ಬೋರ್ಗ್’ ಅಂತಿದ್ವಿ ಅವಕ್ಕೆ. ಅದನ್ನ ತಡೆಯೋಕೆ ಆರ್‌ಎಸ್‌ಎ ಅನ್ನೋ ಗೂಢಲಿಪಿ ಕೀ ಹಾಕಿ ಮುದ್ರೆ ಒತ್ತಿದ ಕ್ಲೈಂಟ್‌ಗಳನ್ನ ಮಾತ್ರ ಸರ್ವರ್ ಒಳಗೆ ಬಿಡೋ ಪದ್ಧತಿ ತಂದ್ರು.

ರಾತ್ರಿಪಾಳಿ

ಅಂದ್ರೆ ಪ್ಲೇಟೋದಲ್ಲಿ ಈ ತರ ಮೋಸ ಮಾಡೋಕೆ ಆಗ್ತಾನೇ ಇರ್ಲಿಲ್ವಾ?

ಬಿಟ್‌ಭಟ್ಟ

ಟರ್ಮಿನಲ್ ಕಡೆಯಿಂದ ಆಗ್ತಿರ್ಲಿಲ್ಲ. ತಿದ್ದೋಕೆ ಅಲ್ಲಿ ಏನೂ ಇರ್ಲಿಲ್ಲ. ನಿಮಗೆ ಕಾಣಿಸಬಾರದ ಹಡಗಿನ ಜಾಗ ನಿಮ್ಮ ಟರ್ಮಿನಲ್‌ಗೆ ಬರ್ತಾನೇ ಇರ್ಲಿಲ್ಲ. ಈಗಿನ ಆಟಗಳಲ್ಲಿ ಎದುರಾಳಿ ಎಲ್ಲಿದ್ದಾನೆ ಅಂತ ನಿಮ್ಮ ಮಷೀನಿಗೆ ಮುಂಚೆನೇ ಬಂದಿರತ್ತೆ, ಗೋಡೆ ಹಿಂದೆ ಬಚ್ಚಿಟ್ಟು ತೋರಿಸ್ತಾರೆ ಅಷ್ಟೆ. ಅದಕ್ಕೇ ಗೋಡೆ ಆಚೆ ನೋಡೋ ಮೋಸ ಸಾಧ್ಯ ಆಗೋದು.

ನಿಮ್ಮ ಮೊದಲ ಪ್ರಶ್ನೆಗೆ ಬಂದ್ರೆ, ಪ್ಲೇಟೋದಲ್ಲೂ ತಡ ಇತ್ತು. ಕೀ ಒತ್ತಿ ಉತ್ತರ ಬರೋಕೆ ಸೆಕೆಂಡಿನ ಹತ್ತರಲ್ಲೊಂದು ಭಾಗದ ಆಸುಪಾಸು ಆಗೋದು, ಜನ ಹೆಚ್ಚಾದ್ರೆ ಇನ್ನೂ ಜಾಸ್ತಿ. ಅದು ನಿಮ್ಮ ಇವತ್ತಿನ ಪಿಂಗ್‌ಗಿಂತ (ಸರ್ವರ್‌ಗೆ ಹೋಗಿ ಬರೋ ಸಮಯ) ಕೆಟ್ಟದ್ದೇ. ಆದ್ರೆ ಆ ತಡ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ಆಟವನ್ನೂ ಅದಕ್ಕೆ ತಕ್ಕ ಹಾಗೆ ಕಟ್ಟಿದ್ರು. ಡಿಗ್ರಿ ಟೈಪ್ ಮಾಡಿ ಗುರಿ ಇಡೋ ಆಟದಲ್ಲಿ ಹತ್ತರಲ್ಲೊಂದು ಸೆಕೆಂಡ್ ಯಾರಿಗೂ ಗೊತ್ತಾಗಲ್ಲ. ಇವತ್ತು ಸೆಕೆಂಡಿಗೆ 60 ಚಿತ್ರ, ಅದರೊಳಗೆ ನಿಮ್ಮ ಮೌಸ್ ಕದಲಿಕೆ ಲೆಕ್ಕಕ್ಕೆ ಬರ್ಬೇಕು. ಹಾಗಾಗಿ ಸರ್ವರಿಂದ ಸುದ್ದಿ ಬರೋ ಮುಂಚೆನೇ ನಿಮ್ಮ ಮಷೀನು ಊಹೆ ಮಾಡಿ ತೋರಿಸತ್ತೆ. ಊಹೆ ತಪ್ಪಿದ್ರೆ ಎದುರಾಳಿ ಗೋಡೆ ಹಿಂದಕ್ಕೆ ‘ಜಿಗೀತಾನೆ’. ಫೈಬರ್ ಎಷ್ಟು ದಪ್ಪ ಇದ್ರೂ ದೂರ ಕಮ್ಮಿ ಆಗಲ್ಲ.

ಪಿಂಗ್ ಪ್ರಸಂಗ

ಇದನ್ನ ಪಿನ್ ಮಾಡಿ ಪ್ಲೀಸ್.

ಕುಡ್ಲದವ

ನಮ್ಮ ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಲ್ಯಾನ್‌ನಲ್ಲಿ ಆಡುವಾಗ ಲ್ಯಾಗ್ ಅಂತಲೇ ಗೊತ್ತಿರಲಿಲ್ಲ. ಗಂಟೆಗೆ ಇಪ್ಪತ್ತು ರೂಪಾಯಿ. ಹಂಪನಕಟ್ಟೆಯ ಹತ್ತಿರ ಒಂದು ಕೆಫೆ ಉಂಟು, ಶನಿವಾರ ಕಾಲೇಜು ಬಿಟ್ಟ ಕೂಡಲೇ ಓಡುವುದು. ಪಕ್ಕದ ಕಂಪ್ಯೂಟರಿನವನು ನನ್ನ ಸ್ಕ್ರೀನಿಗೆ ಇಣುಕಿ ನೋಡಿ ಕೊಲ್ಲುತ್ತಿದ್ದ, ಅದೇ ದೊಡ್ಡ ಜಗಳ.

ಹುಬ್ಬಳ್ಳಿಮಂದಿ

ನಮ್ಮಲ್ಲೂ ಹಂಗ. ವಿದ್ಯಾನಗರದಾಗ ಏಜ್ ಆಫ್ ಎಂಪೈರ್ಸ್ ಆಡ್ಲಿಕ್ಕೆ ಸರದಿ ಹಚ್ಚತಿದ್ವಿ. ಕರೆಂಟ್ ಹೋತಂದ್ರ ಮುಗೀತು, ಅರ್ಧ ಕಟ್ಟಿದ ಕೋಟೆ ಎಲ್ಲಾ ಹ್ವಾದ್ವು.

ಕಿತ್ತಳೆಸ್ಕ್ರೀನ್

ಇಣುಕಿ ನೋಡೋದು ಅಲ್ಲೂ ಇತ್ತು! ಅದಕ್ಕೇ ಎದುರು ತಂಡದವರು ರೂಮಿನ ಬೇರೆ ಬೇರೆ ಸಾಲಲ್ಲಿ ಕೂರೋದು ರೂಢಿ.

ವಿಷಯ ಸ್ವಲ್ಪ ಬೇರೆ, ಆದ್ರೂ ಹೇಳ್ತೀನಿ. ಪ್ಲೇಟೋ ಅಂದ್ರೆ ಆಟ ಒಂದೇ ಅಲ್ಲ. 1973ರಲ್ಲೇ ಡೇವಿಡ್ ವೂಲಿ ‘ನೋಟ್ಸ್’ ಬರೆದ, ನಾವೀಗ ಇಲ್ಲಿ ಮಾಡ್ತಿರೋ ಹಾಗೆ ಪ್ರಶ್ನೆ, ಅದರ ಕೆಳಗೆ ಉತ್ತರಗಳು. ಅದೇ ವರ್ಷ ‘ಟಾಕೋಮ್ಯಾಟಿಕ್’, ಹಲವರು ಒಟ್ಟಿಗೆ ಹರಟೋ ಜಾಗ. ಇಲಿನಾಯಲ್ಲಿ ಓದುವಾಗ ಆ ನೋಟ್ಸ್ ಬಳಸಿದ ರೇ ಆಜಿ ಮುಂದೆ ಲೋಟಸ್ ನೋಟ್ಸ್ ಮಾಡಿದ್ದು. ಎಂಪೈರ್ ಆಡೋರ ಜಗಳಗಳೂ ನೋಟ್ಸಲ್ಲೇ ಮುಂದುವರೀತಿದ್ವು. ಯಾರು ಯಾರಿಗೆ ದ್ರೋಹ ಮಾಡಿದ್ರು, ಯಾವ ಹೊಸ ನಿಯಮ ಅನ್ಯಾಯ ಅಂತೆಲ್ಲ. ಮಾರನೇ ದಿನ ಬೆಳಿಗ್ಗೆ ಕೆಮಿಸ್ಟ್ರಿ ಲ್ಯಾಬಲ್ಲಿ ಅದೇ ಮಾತು.

ಪಿಂಗ್ ಪ್ರಸಂಗ

ಲೋಟಸ್ ನೋಟ್ಸ್!! ಮೊದಲ ಕೆಲಸದಲ್ಲಿ ಆಫೀಸ್ ಮೇಲ್ ಪೂರ್ತಿ ಅದರಲ್ಲೇ. ಅದರ ಮೂಲ ಇಲ್ಲಿದೆ ಅಂತ ಇವತ್ತೇ ತಿಳಿದಿದ್ದು.

ಸುಮ್ನೆ ಓದೋಳು

ಈಗ ಆಡೋಕೆ ಎಲ್ಲಾದ್ರೂ ಸಿಗತ್ತಾ? ಚಿತ್ರ ನೋಡೋದಲ್ಲ, ನಿಜವಾಗ್ಲೂ ಆಡೋಕೆ.

ಹಳೇಸನ್

ಸಿಗತ್ತೆ. ‘ಸೈಬರ್1’ ಅಂತ ಸ್ವಯಂಸೇವಕರ ಗುಂಪು ಹಳೇ ಸಿಡಿಸಿ ಸೈಬರ್ ಮೇನ್‌ಫ್ರೇಮನ್ನೇ ಎಮ್ಯುಲೇಟರಲ್ಲಿ (ಹಳೇ ಮಷೀನಿನ ಹಾಗೇ ನಡೆಯೋ ಪ್ರೋಗ್ರಾಂ) ಓಡಿಸ್ತಿದೆ, 2004ರಿಂದಲೂ. ಮೂಲ ವ್ಯವಸ್ಥೆ, ಮೂಲ ಪಾಠಗಳು, ಎಂಪೈರ್ ಕೂಡ. ದುಡ್ಡಿಲ್ಲ, ಆದ್ರೆ ಖಾತೆಗೆ ಅರ್ಜಿ ಹಾಕ್ಬೇಕು, ಮನುಷ್ಯರೇ ನೋಡಿ ಕೊಡ್ತಾರೆ, ಸ್ವಲ್ಪ ಕಾಯ್ಬೇಕಾಗತ್ತೆ. ಟರ್ಮಿನಲ್ ಬದಲಿಗೆ ‘ಪಿಟರ್ಮ್’ ಅನ್ನೋ ಪ್ರೋಗ್ರಾಂ ಹಾಕ್ಕೊಳ್ಳಿ. ಕಿತ್ತಳೆ ಬಣ್ಣದ ಸಮೇತ ಬರತ್ತೆ.

ರಾತ್ರಿಪಾಳಿ

ನಾನು ಅರ್ಜಿ ಹಾಕಿ ಆಯ್ತು. ಭಟ್ರೇ, ನಿಮ್ಮ ಪಗಡೆ ಹಾಸಿನ ವಿವರಣೆ ನಮ್ಮ ಟೀಮಿಗೂ ಕಳಿಸ್ದೆ, ಇಬ್ಬರು ಸರ್ವರ್ ಎಂಜಿನಿಯರುಗಳು ಒಪ್ಪಿದ್ರು, ಒಬ್ಬ ಇನ್ನೂ ವಾದ ಮಾಡ್ತಿದ್ದಾನೆ.

ಸುಮ್ನೆ ಓದೋಳು

ಖಾತೆ ಬಂತು, ಒಳಗೆ ಹೋದೆ. ಹಡಗು ಸಿಕ್ತು, ಆದ್ರೆ ದಿಕ್ಕು ತಿರುಗಿಸೋಕೆ ಬಾಣದ ಕೀ ಒತ್ತಿದ್ರೆ ಏನೂ ಆಗ್ತಿಲ್ಲ.

ಕಿತ್ತಳೆಸ್ಕ್ರೀನ್

@ಸುಮ್ನೆ ಓದೋಳು ಪ್ಲೇಟೋ ಕೀಬೋರ್ಡಲ್ಲಿ ಬೇರೆ ಬಾಣದ ಕೀಗಳೇ ಇರ್ಲಿಲ್ಲಮ್ಮ. ಎಸ್ ಅಕ್ಷರದ ಸುತ್ತ ಇರೋ ಎಂಟು ಕೀ ನೋಡಿ. ಡಬ್ಲ್ಯು ಮೇಲಕ್ಕೆ, ಎಕ್ಸ್ ಕೆಳಕ್ಕೆ, ಎ ಎಡಕ್ಕೆ, ಡಿ ಬಲಕ್ಕೆ. ಕ್ಯೂ, ಇ, ಜೆಡ್, ಸಿ ಓರೆ ದಿಕ್ಕುಗಳಿಗೆ. ಆಗಿನ ಕೀಬೋರ್ಡಲ್ಲಿ ಆ ಅಕ್ಷರಗಳ ಮೇಲೇ ಬಾಣದ ಗುರುತು ಅಚ್ಚು ಹಾಕಿರ್ತಿತ್ತು. ನೆಕ್ಸ್ಟ್ ಕೀಗೆ ನಿಮ್ಮ ಎಂಟರ್. ಮೊದಲು ಗ್ರಹದ ಹತ್ತಿರ ಹೋಗಿ ಸುಮ್ನೆ ಸುತ್ತಿ ಅಭ್ಯಾಸ ಮಾಡಿ, ಯಾರಾದ್ರೂ ಬಂದ್ರೆ ಹೊಡೆಯೋಕೆ ನಿಲ್ಬೇಡಿ, ಓಡಿ. ಹಡಗು ಸಿಡಿದ್ರೆ ಅಕ್ಕಪಕ್ಕದವರಿಗೂ ಪೆಟ್ಟು ಬೀಳತ್ತೆ, ಅದನ್ನೂ ನೆನಪಿಟ್ಕೊಳ್ಳಿ.

ಮಂಡ್ಯ ಮೇಷ್ಟ್ರು

ಆ ಸ್ಟಾನ್ಲಿ ಸ್ಮಿತ್ ಅವರ ರಸಾಯನಶಾಸ್ತ್ರದ ಪಾಠಗಳು ಅದೇ ಸೈಬರ್1ರಲ್ಲಿ ಇವೆಯಾ? ಇದ್ರೆ ನಾನೂ ಅರ್ಜಿ ಹಾಕ್ತೀನಿ.

ಹಳೇಸನ್

ಖಾತೆ ಬಂದ ಮೇಲೆ ಒಳಗೆ ಪಾಠಗಳ ಪಟ್ಟಿ ಹುಡುಕಿ ಮೇಷ್ಟ್ರೇ, ಪಾಠಗಳು ಬೇಕಾದಷ್ಟಿವೆ. ಹಾಗೇ ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಜೊತೆ ಎಂಪೈರ್‌ಗೂ ಬನ್ನಿ. ಓರಿಯನ್ ತಂಡದಲ್ಲಿ ನಾನು, ರಾತ್ರಿಪಾಳಿ, ಸುಮ್ನೆ ಓದೋಳು ಇದ್ದೀವಿ, ಇನ್ನಿಬ್ಬರು ಬೇಕು.